ಒಂದು ಫ್ಯಾದಮ್ ಎಂದರೆ ಎಷ್ಟು? ಬಿಲ್ಲಿಗೂ ಬೋಟಿಗೂ ಒಂದೇ ಉತ್ತರ

ಪ್ರಶ್ನೆ: ನಾವು ಹೊನ್ನಾವರ ಕಡೆಯವರು, ಈಗ ಡೊಂಬಿವಲಿಯಲ್ಲಿ ಇದ್ದೇವೆ. ಮುಂಬೈಯ ಭಾವುಚಾ ಧಕ್ಕಾ ಬಂದರುಕಟ್ಟೆಯ ಹತ್ತಿರ ಹಗ್ಗ, ಬಲೆ, ಬೋಟಿನ ಸಾಮಾನು ಸಿಗುವ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಗಿರಾಕಿಗಳು ಹಗ್ಗವನ್ನು ಫ್ಯಾದಮ್ ಲೆಕ್ಕದಲ್ಲಿ ಕೇಳುತ್ತಾರೆ. ಬಿಲ್ಲು ಮೀಟರ್‌ನಲ್ಲಿ ಆಗಬೇಕು. ಒಂದು ಫ್ಯಾದಮ್ ಎಂದರೆ ಎರಡು ಮೀಟರ್ ಎಂದು ಅಂಗಡಿಯವರು ಹೇಳಿಕೊಟ್ಟಿದ್ದಾರೆ. ಹಾಗಾಗಿ 120 ಫ್ಯಾದಮ್‌ನ ಒಂದು ಸುರುಳಿಗೆ 240 ಮೀಟರ್ ಎಂದು ಬರೆದೆ. ಹಗ್ಗದ ಕಂಪನಿಯ ಮ್ಯಾನೇಜರ್ ಇಂಗ್ಲಿಷಿನಲ್ಲಿ ಮೇಲ್ ಕಳಿಸಿದ್ದಾರೆ, 'ಐ ಆಮ್ ಅನೇಬಲ್ ಟು ಫ್ಯಾದಮ್ ದಿಸ್ ಡಿಫರೆನ್ಸ್' ಅಂತ. ಇದು ಬೈಗುಳವೋ, ಅಳತೆಯ ಮಾತೋ ತಿಳಿಯಲಿಲ್ಲ. ಇನ್ನೊಂದು ವಿಷಯ. ನಮ್ಮ ಚಿಕ್ಕಪ್ಪನಿಗೆ ಇಲ್ಲಿನ ಒಂದು ಟ್ರಾಲ್ ಬೋಟಿನಲ್ಲಿ ಪಾಲು ಇದೆ. ಅವರು ನೀರಿನ ಆಳ ಅಳೆಯುವ ಸೆಕೆಂಡ್ ಹ್ಯಾಂಡ್ ಮೆಷಿನ್, ಎಕೋ ಸೌಂಡರ್, ತಂದಿದ್ದಾರೆ, ಅದು ಫ್ಯಾದಮ್ ತೋರಿಸುತ್ತದೆ. ಬೋಟು ನಡೆಸುವ ಹೊಸ ತಂಡೇಲರಿಗೆ ಮೀಟರ್ ಅಭ್ಯಾಸ. ಒಂದು ಫ್ಯಾದಮ್ ಎಂದರೆ ಒಂದು ಮಾರು ಎನ್ನುತ್ತಾರೆ ಚಿಕ್ಕಪ್ಪ. ಪಕ್ಕದ ಬೋಟಿನ, ಇಲ್ಲಿನ ಕೋಳಿ ಸಮುದಾಯದ ತಂಡೇಲರು ಒಂದು ವಾಂವ್ ಎನ್ನುತ್ತಾರೆ. ಮೊನ್ನೆ ಸಮುದ್ರದ ನಕ್ಷೆಯಲ್ಲಿ ಆಳ 4 ಎಂದಿದ್ದ ಜಾಗದಲ್ಲಿ ಮೆಷಿನ್ಗೆ ಮೂರೂವರೆ ಬಂತು. ಸಮುದ್ರ ಹೂಳು ತುಂಬಿದೆ ಎಂದು ಬೋಟಿನಲ್ಲಿ ದೊಡ್ಡ ವಾದ ಆಯಿತಂತೆ. ಮೆಷಿನ್ನನ್ನು ಮೀಟರ್‌ಗೆ ಬದಲಾಯಿಸಬೇಕಾ?

ಉತ್ತರ: ಒಂದೇ ಪದ ಅಂಗಡಿಯಲ್ಲಿ ದುಡ್ಡಿನ ಪ್ರಶ್ನೆಯಾಗಿದೆ, ಮೇಲ್‌ನಲ್ಲಿ ಮರ್ಯಾದೆಯ ಪ್ರಶ್ನೆಯಾಗಿದೆ, ಬೋಟಿನಲ್ಲಿ ಜೀವದ ಪ್ರಶ್ನೆಯಾಗಿದೆ. ನೀವು ಗಾಬರಿಯಾದದ್ದು ಸಹಜ. ನಾನು ಬಂದರುಗಳಲ್ಲಿ ಆಳ ಅಳೆಯುವ ಕೆಲಸದಲ್ಲೇ ದುಡಿದವನು, ಈಗ ವಾಸ್ಕೊದಲ್ಲಿ ಇದ್ದೇನೆ. ಇದೇ ವಾದವನ್ನು ಮುಂಬೈಯಲ್ಲೂ ಗೋವಾದಲ್ಲೂ ಬೇಕಾದಷ್ಟು ಸಲ ಕೇಳಿದ್ದೇನೆ.

ಮೊದಲು ತೀರ್ಪು ಹೇಳಿಬಿಡುತ್ತೇನೆ. ನಿಮ್ಮ ಚಿಕ್ಕಪ್ಪ ಹೇಳಿದ್ದು ಸರಿ. ಕೋಳಿ ತಂಡೇಲರು ಹೇಳಿದ್ದೂ ಸರಿ. ಅಂಗಡಿಯವರ ಎರಡು ಮೀಟರ್ ಲೆಕ್ಕ ತಪ್ಪು.

ಫ್ಯಾದಮ್ ಅನ್ನುವ ಪದ ಸಮುದ್ರದಲ್ಲಿ ಹುಟ್ಟಿದ್ದಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಚಾಚಿದ ಎರಡು ತೋಳುಗಳು ಎಂಬ ಅರ್ಥ ಇತ್ತು. ತಬ್ಬಿಕೊಳ್ಳುವುದಕ್ಕೂ ಅದೇ ಪದ. ತೋಳು ಚಾಚಿದರೆ ಒಂದು ಬೆರಳ ತುದಿಯಿಂದ ಇನ್ನೊಂದು ಬೆರಳ ತುದಿಗೆ ಎಷ್ಟು ಉದ್ದವೋ ಅಷ್ಟು ಒಂದು ಫ್ಯಾದಮ್. ನಮ್ಮ ಮಾರು ಕೂಡ ಅದೇ ತಾನೇ? ಹೂವಿನವಳು ಎರಡೂ ಕೈ ಚಾಚಿ ಅಳೆದು ಕೊಡುತ್ತಾಳಲ್ಲ, ಆ ಮಾರು. ಮರಾಠಿಯ ವಾಂವ್ ಕೂಡ ಅದೇ ಅಳತೆ. ಮೂರು ಊರಿನ ಜನ ಒಬ್ಬರನ್ನೊಬ್ಬರು ಕೇಳಿ ಮಾಡಿಕೊಂಡದ್ದಲ್ಲ ಇದು. ಹಗ್ಗ ಎಳೆಯುವವನ ಹತ್ತಿರ ಯಾವಾಗಲೂ ಇರುವ ಅಳತೆಗೋಲು ಅವನ ತೋಳೇ.

ಆಳ ಅಳೆಯುತ್ತಿದ್ದದ್ದೂ ಹಾಗೇ. ಹಗ್ಗದ ತುದಿಗೆ ಸೀಸದ ತೂಕ ಕಟ್ಟಿ ನೀರಿಗೆ ಬಿಡುತ್ತಿದ್ದರು. ತಳ ಮುಟ್ಟಿದ ಮೇಲೆ ಮಾರು ಮಾರಾಗಿ ಎಳೆದು ಎಣಿಸುತ್ತಿದ್ದರು. ಹಡಗುಗಳಲ್ಲಿ ಈ ಹಗ್ಗಕ್ಕೆ ಗುರುತು ಇರುತ್ತಿತ್ತು. 2 ಫ್ಯಾದಮ್‌ಗೆ ಚರ್ಮದ ಎರಡು ಪಟ್ಟಿ, 3ಕ್ಕೆ ಮೂರು ಪಟ್ಟಿ, 5ಕ್ಕೆ ಬಿಳಿ ಬಟ್ಟೆ, 7ಕ್ಕೆ ಕೆಂಪು ಬಟ್ಟೆ, 10ಕ್ಕೆ ತೂತಿರುವ ಚರ್ಮ. ಕತ್ತಲಲ್ಲೂ ಕೈಗೆ ತಿಳಿಯಲಿ ಅಂತ ಬಟ್ಟೆಗಳೂ ಬೇರೆ ಬೇರೆ ಬಗೆಯವು. ಸೀಸದ ಅಡಿಯಲ್ಲಿ ಒಂದು ಗುಳಿ, ಅದರಲ್ಲಿ ಕೊಬ್ಬು ಮೆತ್ತಿರುತ್ತಿದ್ದರು. ಮೇಲೆ ಬರುವಾಗ ಅದಕ್ಕೆ ಮರಳೋ ಕೆಸರೋ ಚಿಪ್ಪೋ ಅಂಟಿಕೊಂಡು ಬರುತ್ತಿತ್ತು. ಅಂದರೆ ಎಷ್ಟು ಆಳ ಎಂಬುದು ಮಾತ್ರ ಅಲ್ಲ, ತಳದಲ್ಲಿ ಏನಿದೆ ಎಂಬುದೂ ಗೊತ್ತಾಗುತ್ತಿತ್ತು. ತಬ್ಬು ಎಂಬ ಅರ್ಥ ಇದ್ದ ಪದ ಮೊದಲು ಅಳೆ ಎಂದಾಯಿತು, ಆಮೇಲೆ ತಳದವರೆಗೆ ಹೋಗಿ ತಿಳಿ ಎಂದಾಯಿತು. ಈ ಕೊನೆಯ ಅರ್ಥ 17ನೇ ಶತಮಾನದ ಹೊತ್ತಿಗೆ ಬಳಕೆಯಲ್ಲಿ ಇತ್ತು. ನಿಮ್ಮ ಮ್ಯಾನೇಜರ್ ಬರೆದದ್ದು ಈ ಅರ್ಥದಲ್ಲಿ. ಅದಕ್ಕೆ ಮತ್ತೆ ಬರುತ್ತೇನೆ.

ತೋಳಿನ ಅಳತೆಗೆ ಒಂದು ತೊಂದರೆ ಇದೆ. ಎಲ್ಲರ ತೋಳೂ ಒಂದೇ ಉದ್ದ ಅಲ್ಲ. ಸಾಮಾನ್ಯವಾಗಿ ಮನುಷ್ಯನ ಎತ್ತರ ಎಷ್ಟೋ ಚಾಚಿದ ತೋಳುಗಳ ಉದ್ದವೂ ಹೆಚ್ಚು ಕಡಿಮೆ ಅಷ್ಟೇ. ಇಂಗ್ಲಿಷರು ಕೊನೆಗೆ ಫ್ಯಾದಮ್ ಅಂದರೆ 6 ಅಡಿ ಎಂದು ಗಟ್ಟಿ ಮಾಡಿದರು. ಇಂದಿನ ಲೆಕ್ಕದಲ್ಲಿ ಅದು 1.8288 ಮೀಟರ್. ಈಗ 5 ಅಡಿ 4 ಇಂಚಿನ ಒಬ್ಬ ಖಲಾಸಿ ಹಗ್ಗ ಅಳೆದ ಎಂದುಕೊಳ್ಳಿ. ಅವನ 20 ಮಾರು ಸುಮಾರು 32 ಮೀಟರ್ ಆಗುತ್ತದೆ. ಪುಸ್ತಕದ 20 ಫ್ಯಾದಮ್ 36 ಮೀಟರ್ ದಾಟುತ್ತದೆ. ನಾಲ್ಕು ಮೀಟರ್ ವ್ಯತ್ಯಾಸ. ಹೂವಿನ ಅಂಗಡಿಯಲ್ಲಿ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಲಂಗರಿನ ಹಗ್ಗದಲ್ಲಿ ಇದು ದೊಡ್ಡ ವ್ಯತ್ಯಾಸ. ಹಾಗಾಗಿ ಚಿಕ್ಕಪ್ಪನ ಮಾತಿಗೆ ನಾನು ಸೇರಿಸುವುದು ಇಷ್ಟೇ: ಮಾರು ಅಂದರೆ ಫ್ಯಾದಮ್ ಹೌದು, ಆದರೆ ಟೇಪು ಹಿಡಿದು 6 ಅಡಿ ಎಂದು ಒಪ್ಪಿಕೊಂಡ ಮಾರು ಆಗಿರಬೇಕು.

ಈಗ ನಿಮ್ಮ ಬಿಲ್ಲು. 120 ಫ್ಯಾದಮ್ ಅಂದರೆ 219.46 ಮೀಟರ್. ಹಗ್ಗದ ಸುರುಳಿ 220 ಮೀಟರ್ ಎಂದು ಏಕೆ ಬರುತ್ತದೆ, 200 ಅಥವಾ 250 ಏಕೆ ಅಲ್ಲ ಎಂದು ಯಾವತ್ತಾದರೂ ಯೋಚಿಸಿದ್ದೀರಾ? ಅದು ಹಳೆಯ 120 ಫ್ಯಾದಮ್ ಸುರುಳಿಯೇ, ಮೀಟರ್ ವೇಷ ಹಾಕಿದೆ ಅಷ್ಟೇ. ಹಡಗಿನ ಲಂಗರು ಸರಪಳಿಯಲ್ಲೂ ಹೀಗೇ. ಸರಪಳಿಯ ಒಂದು ತುಂಡಿಗೆ ಶ್ಯಾಕಲ್ ಎನ್ನುತ್ತಾರೆ. ಒಂದು ಶ್ಯಾಕಲ್ ಎಂದರೆ 15 ಫ್ಯಾದಮ್, ಅದನ್ನೇ ಈಗ 27.5 ಮೀಟರ್ ಎಂದು ಬರೆಯುತ್ತಾರೆ. ನೀವು 240 ಬರೆದಿದ್ದೀರಿ, ಕಂಪನಿ ಕಳಿಸಿದ್ದು 220. ಸುರುಳಿಗೆ 20 ಮೀಟರ್ ಹಗ್ಗ ಕಾಗದದ ಮೇಲೆ ಹುಟ್ಟಿಕೊಂಡಿದೆ. ಅವರಿಗೆ ಅರ್ಥವಾಗದೆ ಇದ್ದದ್ದು ಇದೇ. ಅಂಗಡಿಯವರು ಮೋಸಕ್ಕೆ ಹೇಳಿರುವುದಿಲ್ಲ. ಎರಡು ಮೀಟರ್ ಎಂದರೆ ಬಾಯಿಲೆಕ್ಕ ಸುಲಭ, ಅದಕ್ಕೇ ಧಕ್ಕಾದ ತುಂಬಾ ಆ ಮಾತು ಓಡಾಡುತ್ತದೆ. ಆದರೆ ಗಿರಾಕಿ ಅಳೆದು ನೋಡಿದ ದಿನ ಮಾತು ಕೇಳಬೇಕಾದವರು ಬಿಲ್ಲು ಬರೆದ ನೀವು. ಬಿಲ್ಲಿನಲ್ಲಿ ಸುರುಳಿಯ ಸಂಖ್ಯೆ ಬರೆದು, ಒಂದಕ್ಕೆ 220 ಮೀಟರ್ ಎಂದು ಹಾಕಿ. ಬಿಡಿ ಹಗ್ಗಕ್ಕೆ 1.83ರಿಂದ ಗುಣಿಸಿ.

ಮೇಲ್‌ನ ವಾಕ್ಯ ಬೈಗುಳ ಅಲ್ಲ. ಆದರೆ 'ಐ ಡೋಂಟ್ ಅಂಡರ್‌ಸ್ಟ್ಯಾಂಡ್' ಎನ್ನುವುದಕ್ಕಿಂತ ಒಂದು ಮೆಟ್ಟಿಲು ಬಿಗಿಯಾದ ಮಾತು. ನೋಡಿದೆ, ಲೆಕ್ಕ ಹಾಕಿದೆ, ಎಷ್ಟು ಹುಡುಕಿದರೂ ಕಾರಣ ಸಿಗುತ್ತಿಲ್ಲ ಎಂಬ ಧ್ವನಿ ಅದರಲ್ಲಿ ಇದೆ. ಸ್ವಲ್ಪ ಬೇಸರವೂ ಇರಬಹುದು. ನಾವು 'ನನಗೆ ಇದು ನಿಲುಕುತ್ತಿಲ್ಲ' ಎನ್ನುತ್ತೇವಲ್ಲ, ಹೆಚ್ಚು ಕಡಿಮೆ ಅದೇ ತೂಕ. ಅಂಥ ಮೇಲ್‌ಗೆ ಕ್ಷಮೆಯ ಉದ್ದ ಪತ್ರ ಬೇಡ, ಕಾರಣ ಬರೆಯಿರಿ ಸಾಕು. ಫ್ಯಾದಮ್‌ಗೆ 2 ಮೀಟರ್ ಹಿಡಿದಿದ್ದೆವು, ಸರಿಯಾದ ಲೆಕ್ಕ 1.83, ತಿದ್ದಿದ ಬಿಲ್ಲು ಇಲ್ಲಿದೆ, ಅಷ್ಟೇ.

ನೀವೇ ಈ ಪದ ಬಳಸುವಾಗ ಎರಡು ಮೂರು ವಿಷಯ ನೆನಪಿರಲಿ. ಉಚ್ಚಾರದಲ್ಲಿ ನಡುವಿನ ಅಕ್ಷರ 'ಫಾದರ್'ನಲ್ಲಿ ಬರುವ ದ. ಬರಹ ನೋಡಿ 'ಫ್ಯಾಥಮ್' ಅನ್ನುವವರೇ ಜಾಸ್ತಿ. ಆಳ ಎನ್ನುವುದಕ್ಕೆ ಈ ಪದ ಬರುವುದಿಲ್ಲ. 'ದ ಫ್ಯಾದಮ್ ಆಫ್ ದ ಸೀ ಈಸ್ ಗ್ರೇಟ್' ಎಂದರೆ ತಪ್ಪು, ಅಲ್ಲಿ 'ಡೆಪ್ತ್' ಬೇಕು. 'ದ ಸೀ ಈಸ್ ಟೆನ್ ಫ್ಯಾದಮ್ಸ್ ಡೀಪ್' ಸರಿ. ತಿಳಿಯುವ ಅರ್ಥದಲ್ಲಿ ಅದು ಬಹುಪಾಲು ಇಲ್ಲ, ಆಗದು, ಕಷ್ಟ ಎಂಬ ಮಾತುಗಳ ಜೊತೆಗೇ ಬರುತ್ತದೆ: ಕಾಂಟ್ ಫ್ಯಾದಮ್, ಹಾರ್ಡ್ ಟು ಫ್ಯಾದಮ್, ಟ್ರೈಯಿಂಗ್ ಟು ಫ್ಯಾದಮ್. 'ಐ ಫ್ಯಾದಮ್ಡ್ ಯುವರ್ ಮೇಲ್' ಎಂದು ಬರೆದರೆ ವ್ಯಾಕರಣ ತಪ್ಪಲ್ಲ, ಆದರೆ ಓದುವವರಿಗೆ ವಿಚಿತ್ರ ಅನಿಸುತ್ತದೆ. ಅಲ್ಲಿ ಸುಮ್ನೆ 'ಅಂಡರ್‌ಸ್ಟುಡ್' ಅನ್ನಿ. 'ಅನ್‌ಫ್ಯಾದಮಬಲ್' ಎಂದರೆ ಎಷ್ಟು ಯೋಚಿಸಿದರೂ ತಿಳಿಯದ್ದು. ಆಫೀಸಿನ ಪತ್ರಕ್ಕೆ ಅದು ಭಾರ ಜಾಸ್ತಿ.

ಜೊತೆಯ ಇನ್ನೊಂದು ಪದದ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಆಳ ಅಳೆಯುವುದಕ್ಕೆ 'ಸೌಂಡಿಂಗ್' ಎನ್ನುತ್ತಾರೆ. ಎಕೋ ಸೌಂಡರ್ ಶಬ್ದ ಕಳಿಸಿ ಅಳೆಯುವುದರಿಂದ ಆ ಹೆಸರು ಬಂತು ಎಂದು ನಮ್ಮ ಕೆಲಸದವರೇ ಕೆಲವರು ನಂಬಿದ್ದಾರೆ. ಅಲ್ಲ. ಅದು ಫ್ರೆಂಚರ ಬೇರೆ ಪದದಿಂದ ಬಂದದ್ದು, ಆಳ ತಡಕಿ ನೋಡು ಎಂದು ಅದರ ಅರ್ಥ. ಶಬ್ದದ ಮೆಷಿನ್ ಬರುವುದಕ್ಕೆ ನೂರಾರು ವರ್ಷ ಮೊದಲೇ ಸೀಸದ ಹಗ್ಗದವರು ಸೌಂಡಿಂಗ್ ಅನ್ನುತ್ತಿದ್ದರು.

ಬೋಟಿನ ವಿಷಯಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ. ನನಗೆ ನಿಜವಾದ ಚಿಂತೆ ಇರುವುದು ಅಲ್ಲೇ.

ನಕ್ಷೆಯಲ್ಲಿ 4, ಮೆಷಿನ್ನಲ್ಲಿ ಮೂರೂವರೆ. ಹೂಳು ತುಂಬಿದೆ ಎಂದು ತೀರ್ಮಾನ ಮಾಡುವ ಮೊದಲು ಎರಡು ಸಂಖ್ಯೆಗಳೂ ಎಲ್ಲಿಂದ ಎಣಿಸಿದವು ಎಂದು ಕೇಳಬೇಕು. ಈಗಿನ ಭಾರತೀಯ ನಕ್ಷೆಗಳು ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿಯಿಂದ ಬರುತ್ತವೆ, ಆಳ ಮೀಟರ್‌ನಲ್ಲಿ ಇರುತ್ತದೆ. ಆ ಮೀಟರ್ ಅವತ್ತಿನ ನೀರಿನ ಮಟ್ಟದಿಂದ ಎಣಿಸಿದ್ದಲ್ಲ. ದೊಡ್ಡ ಇಳಿತದಲ್ಲಿ ನೀರು ಎಲ್ಲಿಗೆ ಇಳಿಯುತ್ತದೋ ಹೆಚ್ಚು ಕಡಿಮೆ ಆ ಮಟ್ಟದಿಂದ ಎಣಿಸಿದ್ದು. ಅದರ ಮೇಲೆ ಆ ಹೊತ್ತಿನ ಉಬ್ಬರದ ನೀರನ್ನು ಕೂಡಿಸಬೇಕು. ಗೋವಾದಲ್ಲಿ ಉಬ್ಬರ ಇಳಿತದ ನಡುವೆ ಎರಡು ಮೀಟರ್ ಆಸುಪಾಸು ವ್ಯತ್ಯಾಸ. ಮುಂಬೈಯಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ನಾಲ್ಕು ಮೀಟರ್ ದಾಟುತ್ತದೆ. ಮಳೆಗಾಲದಲ್ಲಿ ನಾಲ್ಕೂವರೆ ಮೀಟರ್ ಮೀರಿದ ಭರತಿ ಇದೆ ಅಂದರೆ ಮುಂಬೈಯಲ್ಲಿ ಎಚ್ಚರಿಕೆ ಕೊಡುತ್ತಾರಲ್ಲ, ಆ ಸಂಖ್ಯೆ ಕೂಡ ಈ ಮಟ್ಟದಿಂದಲೇ ಎಣಿಸಿದ್ದು. ಮೆಷಿನ್ ಎಣಿಸುವುದು ಬೋಟಿನ ಹೊಟ್ಟೆಗೆ ಕೂರಿಸಿದ ಸೆನ್ಸರ್‌ನಿಂದ ಕೆಳಕ್ಕೆ.

ಒಂದು ಉದಾಹರಣೆ ನೋಡಿ. ನಕ್ಷೆಯಲ್ಲಿ 4 ಮೀಟರ್. ಆ ಹೊತ್ತಿಗೆ ಉಬ್ಬರ 3.6 ಮೀಟರ್. ಒಟ್ಟು ನೀರು 7.6. ಸೆನ್ಸರ್ ನೀರಿನಿಂದ 1.2 ಮೀಟರ್ ಕೆಳಗೆ ಇದೆ ಎಂದರೆ ಅದರ ಕೆಳಗೆ ಉಳಿದದ್ದು 6.4 ಮೀಟರ್. ಫ್ಯಾದಮ್‌ಗೆ ತಿರುಗಿಸಿದರೆ 3.5. ಅಂದರೆ ನಕ್ಷೆಯೂ ಸರಿ, ಮೆಷಿನ್ನೂ ಸರಿ! ಸಮುದ್ರದಲ್ಲಿ ಏನೂ ಬದಲಾಗಿಲ್ಲ. ಅದೇ ಜಾಗಕ್ಕೆ ಇಳಿತದಲ್ಲಿ, ಅರ್ಧ ಮೀಟರ್ ಉಬ್ಬರ ಮಾತ್ರ ಇರುವಾಗ ಬಂದರೆ ಸೆನ್ಸರ್ ಕೆಳಗೆ 3.3 ಮೀಟರ್, ಎರಡು ಫ್ಯಾದಮ್ ಕೂಡ ಇಲ್ಲ. ನಿಮ್ಮ ಬೋಟಿನಲ್ಲಿ ಆ ದಿನ ಆದದ್ದು ಇದೇ ಎಂದು ನಾನು ಇಲ್ಲಿಂದ ಹೇಳಲಾರೆ. ಆದರೆ ಗಂಟೆ, ಅವತ್ತಿನ ಉಬ್ಬರ, ಸೆನ್ಸರ್ ಎಷ್ಟು ಕೆಳಗಿದೆ, ಈ ಮೂರು ಬರೆದಿಟ್ಟುಕೊಂಡು ಲೆಕ್ಕ ಹಾಕಿದರೆ ವಾದ ಅಲ್ಲೇ ಮುಗಿಯುತ್ತದೆ.

ಮುಂಬೈ ಬಂದರಿನ ನೀರಿಗೆ ಇನ್ನೂ ಒಂದು ಸಂಗತಿ ಇದೆ. ಇಲ್ಲಿ ತಳ ಎಂದರೆ ಯಾವುದು ಎಂಬುದೇ ಎಷ್ಟೋ ಕಡೆ ಸ್ಪಷ್ಟ ಇಲ್ಲ. ಗಟ್ಟಿ ಮಣ್ಣಿನ ಮೇಲೆ ಅಂಬಲಿಯ ಹಾಗೆ ತೆಳ್ಳನೆಯ ಕೆಸರು ನಿಂತಿರುತ್ತದೆ. ಮೆಷಿನ್ ಕಳಿಸುವ ಶಬ್ದ ಹೆಚ್ಚು ಕಂಪನದ್ದಾದರೆ, ಅಂದರೆ 200 ಕಿಲೋಹರ್ಟ್ಸ್ ಆದರೆ, ಅದು ಈ ಕೆಸರಿನ ಮೇಲ್ಭಾಗಕ್ಕೇ ಬಡಿದು ವಾಪಸ್ ಬರುತ್ತದೆ. ಕಡಿಮೆ ಕಂಪನದ 50 ಕಿಲೋಹರ್ಟ್ಸ್ ಶಬ್ದ ಕೆಸರಿನೊಳಗೆ ಇಳಿದು ಕೆಳಗಿನ ಗಟ್ಟಿ ಪದರದಿಂದ ಬರುತ್ತದೆ. ಸೀಸದ ತೂಕ ಬಿಟ್ಟರೆ ಅದು ಇವೆರಡರ ನಡುವೆ ಎಲ್ಲೋ ಹೂತುಕೊಳ್ಳುತ್ತದೆ. ಒಂದೇ ಜಾಗ, ಮೂರು ಆಳ, ಮೂರೂ ಸುಳ್ಳಲ್ಲ. ಬಂದರಿನ ಸರ್ವೆಯಲ್ಲಿ ನಾವು ಎರಡೂ ಶಬ್ದ ಒಟ್ಟಿಗೆ ಕಳಿಸಿ ಎರಡೂ ಗೆರೆ ನೋಡುವುದು ಇದೇ ಕಾರಣಕ್ಕೆ. ನಿಮ್ಮ ಚಿಕ್ಕಪ್ಪನ ಮೆಷಿನ್ನಲ್ಲಿ ಎರಡೂ ಇದ್ದರೆ, ಆಳ ಕಡಿಮೆ ಇರುವ ಕಡೆ ಬೋಟು ತಾಗದಂತೆ ನೋಡಿಕೊಳ್ಳಲು 200ರ ಗೆರೆಯನ್ನೇ ನಂಬಲಿ. ಅದು ಆಳ ಕಡಿಮೆ ತೋರಿಸುತ್ತದೆ, ಹಾಗಾಗಿ ಜೋಪಾನ.

ಹಳೆಯ ನಕ್ಷೆ ಯಾರಾದರೂ ಕೊಟ್ಟರೆ ಅದರಿಂದ ದೂರ ಇರಿ. ಬ್ರಿಟಿಷ್ ನಕ್ಷೆಗಳು 1960ರ ದಶಕದ ಕೊನೆಯಿಂದ ಮೀಟರ್‌ಗೆ ಬದಲಾಗುತ್ತಾ ಬಂದವು. ಅದಕ್ಕೂ ಹಿಂದಿನ ಫ್ಯಾದಮ್ ನಕ್ಷೆಗಳು ಈಗಲೂ ಹಳೆಯ ಬೋಟುಗಳ ಪೆಟ್ಟಿಗೆಯಲ್ಲಿ ಸಿಗುತ್ತವೆ. ಎರಡರಲ್ಲೂ ದೊಡ್ಡ 3ರ ಪಕ್ಕ ಕೆಳಗೆ ಸಣ್ಣ 4 ಇರುತ್ತದೆ ಅಂದುಕೊಳ್ಳಿ. ಹಳೆಯದರಲ್ಲಿ ಅದು 3 ಫ್ಯಾದಮ್ 4 ಅಡಿ, ಅಂದರೆ 6.7 ಮೀಟರ್. ಹೊಸದರಲ್ಲಿ 3.4 ಮೀಟರ್. ನೋಡಲು ಎರಡೂ ಒಂದೇ. ನಕ್ಷೆಯ ಶೀರ್ಷಿಕೆಯ ಕೆಳಗೆ ಯಾವ ಅಳತೆ ಎಂದು ಬರೆದಿರುತ್ತದೆ. ಅದನ್ನು ಓದದೆ ಸಂಖ್ಯೆ ಓದಬಾರದು.

ಸರಿ, ಮೆಷಿನ್ ಬದಲಾಯಿಸಬೇಕಾ? ಫ್ಯಾದಮ್‌ನಲ್ಲೇ ಬಿಟ್ಟರೆ ಚಿಕ್ಕಪ್ಪನಿಗೂ ಹಳೆಯ ಖಲಾಸಿಗಳಿಗೂ ಅನುಕೂಲ. ಅವರಿಗೆ ಯಾವ ಮೀನು ಎಷ್ಟು ಮಾರಿನಲ್ಲಿ ಎಂಬುದು ಬಾಯಿಗೆ ಬಂದಿರುತ್ತದೆ. ಅಪಾಯ ಏನೆಂದರೆ ನಕ್ಷೆ, ಉಬ್ಬರದ ಪಟ್ಟಿ, ಹೊಸ ತಂಡೇಲರ ತಲೆ, ಮೂರೂ ಮೀಟರ್‌ನಲ್ಲಿ ಇವೆ. ರಾತ್ರಿ ನಿದ್ದೆಗಣ್ಣಿನಲ್ಲಿ 3 ಎಂದು ಕಂಡರೆ ಅವರ ಕೈ ಸ್ಟಿಯರಿಂಗ್ ಮೇಲೆ ಗಾಬರಿಯಿಂದ ತಿರುಗಬಹುದು. ಅದಕ್ಕಿಂತ ಕೆಟ್ಟದ್ದು ಅಡಿ ಮತ್ತು ಫ್ಯಾದಮ್ ಅದಲು ಬದಲಾಗುವುದು. ಪರದೆಯ ಮೂಲೆಯಲ್ಲಿ ಎಫ್‌ಟಿ ಎಂದಿದ್ದರೆ ಅಡಿ, ಎಫ್‌ಎಂ ಅಥವಾ ಎಫ್‌ಎ ಎಂದಿದ್ದರೆ ಫ್ಯಾದಮ್. ಸೆಕೆಂಡ್ ಹ್ಯಾಂಡ್ ಮೆಷಿನ್ನಲ್ಲಿ ಬಟನ್ ಒತ್ತುತ್ತಾ ಹೋಗಿ ಇದು ಬದಲಾಗಿರುವುದನ್ನು ನಾನು ಕಂಡಿದ್ದೇನೆ. 12 ಅಡಿ ನೀರನ್ನು 12 ಫ್ಯಾದಮ್ ಎಂದು ಓದಿದರೆ ಆರು ಪಟ್ಟು ತಪ್ಪು.

ಮೀಟರ್‌ಗೆ ಬದಲಾಯಿಸಿದರೆ ಇವೆಲ್ಲ ತಪ್ಪುತ್ತದೆ, ಆದರೆ ಬೇರೆ ಅಪಾಯ ಬರುತ್ತದೆ. ಅದು ಟ್ರಾಲ್ ಬಲೆ ಎಳೆಯುವ ವೈರಿನದು. ವೈರಿಗೆ ಗುರುತು ಇರುವುದು ಫ್ಯಾದಮ್‌ನಲ್ಲಿ. ಆಳದ ಮೂರು ಪಟ್ಟು ವೈರ್ ಬಿಡುವ ಅಭ್ಯಾಸ ಇದ್ದವರು ಪರದೆಯಲ್ಲಿ 20 ಮೀಟರ್ ನೋಡಿ 60 ಮಾರು ಬಿಟ್ಟರೆ ಆಗುವುದು 110 ಮೀಟರ್, ಐದೂವರೆ ಪಟ್ಟು. ಮುಂಬೈಯ ಕೆಸರಿನಲ್ಲಿ ಬಲೆ ಹೂತು ಹೋಗುತ್ತದೆ, ವೈರ್ ತುಂಡಾದರೆ ಡೆಕ್ ಮೇಲೆ ನಿಂತವರಿಗೆ ಏಟು. ಬದಲಾವಣೆಯನ್ನು ಅರ್ಧ ಮಾಡಿದರೆ ಏನೂ ಮಾಡದಿದ್ದದ್ದಕ್ಕಿಂತ ಅಪಾಯ ಜಾಸ್ತಿ.

ನನ್ನ ಸಲಹೆ ಮೀಟರ್. ಆದರೆ ಮೆಷಿನ್ನೂ ವೈರಿನ ಗುರುತೂ ಒಂದೇ ದಿನ ಬದಲಾಗಬೇಕು. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಜೂನ್ 1ರಿಂದ ಜುಲೈ 31ರವರೆಗೆ ಹೇಗೂ ಬೋಟು ದಡದಲ್ಲಿ ಇರುತ್ತದೆ. ಆಗ ವೈರ್ ಬಿಚ್ಚಿ, ಟೇಪು ಹಿಡಿದು, ಮೀಟರ್ ಲೆಕ್ಕದಲ್ಲಿ ಹೊಸ ಬಣ್ಣದ ಗುರುತು ಹಾಕಿಸಿ. ಹಳೆಯ ಗುರುತು ಪೂರ್ತಿ ಅಳಿಸಲಿ. ಸೆನ್ಸರ್ ನೀರಿನಿಂದ ಎಷ್ಟು ಕೆಳಗಿದೆ ಎಂಬುದನ್ನು ಮೆಷಿನ್ಗೆ ತುಂಬಿಸುವ ಸೆಟ್ಟಿಂಗ್ ಇರುತ್ತದೆ, ಅದನ್ನೂ ಆಗಲೇ ನೋಡಿ. ಅಲ್ಲಿಯವರೆಗೆ ಫ್ಯಾದಮ್‌ನಲ್ಲೇ ಇರಲಿ, ಹೊಸ ತಂಡೇಲರ ಎದುರಿಗೆ ಒಂದು ಚೀಟಿ ಅಂಟಿಸಿ: 5 ಫ್ಯಾದಮ್ 9.14 ಮೀಟರ್, 10ಕ್ಕೆ 18.29, 20ಕ್ಕೆ 36.58, 25ಕ್ಕೆ 45.72, 50ಕ್ಕೆ 91.44. ಚೀಟಿ ನೋಡಲು ಹೊತ್ತಿಲ್ಲದಾಗ ಫ್ಯಾದಮ್ ದುಪ್ಪಟ್ಟು ಮಾಡಿ ಹತ್ತನೇ ಒಂದು ಭಾಗ ಕಳೆಯಲಿ. 10 ಇದ್ದರೆ 18 ಬರುತ್ತದೆ. ನಿಜಕ್ಕಿಂತ ಸ್ವಲ್ಪ ಕಡಿಮೆ, ಹಾಗಾಗಿ ಬೋಟು ತಾಗುವ ಭಯಕ್ಕೆ ಒಳ್ಳೆಯದು.

ಒಂದು ಕಡೆ ಮಾತ್ರ ಈ ಬಾಯಿಲೆಕ್ಕ ಬೇಡ. ಮಹಾರಾಷ್ಟ್ರದ 1981ರ ಕಡಲ ಮೀನುಗಾರಿಕೆ ಕಾಯ್ದೆಯಡಿ ದಡದ ಹತ್ತಿರ ಟ್ರಾಲ್ ಎಳೆಯಬಾರದ ಗಡಿಯನ್ನು ಫ್ಯಾದಮ್‌ನಲ್ಲೇ ಹೇಳಲಾಗಿದೆ, ಜಾಗ ನೋಡಿ 5 ಅಥವಾ 10 ಫ್ಯಾದಮ್. ಸಣ್ಣ ದೋಣಿಯವರ ಅನ್ನಕ್ಕೆ ಹಾಕಿದ ಬೇಲಿ ಅದು. 10 ಫ್ಯಾದಮ್ ಗಡಿ ಇರುವ ಕಡೆ 18 ಮೀಟರ್ ಎಂದರೆ ಗಡಿಯ ಒಳಗೆ ಇದ್ದ ಹಾಗೆ. ಮೆಷಿನ್ ಮೀಟರ್‌ಗೆ ಬದಲಾದ ಮೇಲೆ ಅಂಥ ಜಾಗದಲ್ಲಿ 20 ದಾಟಿದ ಮೇಲೆಯೇ ಬಲೆ ಬಿಡುವಂತೆ ಚಿಕ್ಕಪ್ಪನಿಗೆ ಹೇಳಿ.